ಹಂತಕ ಕಣಗಳಿಗೆ ಪಾಠ ಹೇಳುವವರು ಯಾರು?

ರೋಗನಿರೋಧಕ ಶಕ್ತಿ ಎಂಬುದು ಈಚಿನ ವರ್ಷಗಳಲ್ಲಿ ಮನೆಮಾತಾಗಿ ಹೋಗಿದೆ. ಔಷಧದ ಅಂಗಡಿಯ ಗಾಜಿನ ಬೀರುವಿನಲ್ಲಿ, ಪತ್ರಿಕೆಗಳ ಜಾಹೀರಾತುಗಳಲ್ಲಿ, ಲೋಕಲ್ ಗಾಡಿಯ ಡಬ್ಬಿಗಳಿಗೆ ಅಂಟಿಸಿದ ಚೀಟಿಗಳಲ್ಲಿ ಸಹ ಅದನ್ನು ಹೆಚ್ಚಿಸಿಕೊಡುವ ಲೇಹ್ಯ, ಗುಳಿಗೆ, ಕಷಾಯಗಳ ಭರವಸೆ ಕಾಣಸಿಗುತ್ತದೆ. ಹಣತೆಗೆ ಎಣ್ಣೆ ಹೊಯ್ದಂತೆ ಈ ಶಕ್ತಿಯನ್ನೂ ಹೊಯ್ದು ತುಂಬಬಹುದೆಂಬ ಕಲ್ಪನೆ ಇವುಗಳ ಹಿಂದೆ ಇರುವಂತೆ ತೋರುತ್ತದೆ. ವಸ್ತುಸ್ಥಿತಿ ಬೇರೆ. ಆರೋಗ್ಯವಂತನ ದೇಹದಲ್ಲಿ ಕೊಲ್ಲುವ ಸಾಮರ್ಥ್ಯಕ್ಕೆ ಬರವಿಲ್ಲ. ಯಾರನ್ನು ಕೊಲ್ಲಬೇಕು, ಯಾರನ್ನು ಬಿಡಬೇಕು ಎಂಬ ವಿವೇಕವೇ ಅಲ್ಲಿ ದುರ್ಲಭವಾದುದು. ಆ ವಿವೇಕವು ಎಲ್ಲಿ, ಯಾರಿಂದ, ಹೇಗೆ ಮೂಡುತ್ತದೆ ಎಂಬುದನ್ನು ವಿಜ್ಞಾನಿಗಳು ಕಳೆದ ಐವತ್ತು ವರ್ಷಗಳಲ್ಲಿ ಬಿಡಿಸಿಕೊಂಡ ಕಥೆ ಸ್ವಾರಸ್ಯವಾದುದು. ಕ್ಯಾನ್ಸರು, ಕ್ಷಯ ಮುಂತಾದ ರೋಗಗಳ ಹೊಸ ಚಿಕಿತ್ಸೆಗಳು ಈ ಅರಿವಿನ ಮೇಲೆಯೇ ನಿಂತಿರುವುದರಿಂದ ಅದು ಬರಿಯ ಕಥೆಯೂ ಅಲ್ಲ.

ದೇಹವನ್ನು ಹೊಕ್ಕ ರೋಗಾಣು ಎರಡು ಎಡೆಗಳಲ್ಲಿ ನೆಲೆಸಬಹುದು. ರಕ್ತದಲ್ಲಿ, ದುಗ್ಧರಸದಲ್ಲಿ, ಜೀವಕೋಶಗಳ ನಡುವಣ ದ್ರವದಲ್ಲಿ ಇದ್ದರೆ ಅದು ಬೀದಿಯಲ್ಲಿರುವ ಕಳ್ಳನಂತೆ. ಅಲ್ಲಿ ಪ್ರತಿಕಾಯಗಳೆಂಬ ಪ್ರೋಟೀನುಗಳು ಅದಕ್ಕೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತವೆ. ಆದರೆ ವೈರಸ್ಸು ಜೀವಕೋಶದ ಒಳಕ್ಕೆ ನುಸುಳಿ ಬಾಗಿಲು ಹಾಕಿಕೊಂಡಿತೆಂದರೆ ಪ್ರತಿಕಾಯಗಳ ಕೈ ಅಲ್ಲಿಗೆ ನಿಲುಕುವುದಿಲ್ಲ. ಆಗ ಬೇಕಾಗುವುದು ಹಂತಕ ಟಿ-ಕಣಗಳು. ಎದೆಯ ಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಬಲಿತು ಹೊರಬೀಳುವ ಬಿಳಿಯ ರಕ್ತಕಣಗಳಾದುದರಿಂದ ಇವಕ್ಕೆ ಟಿ ಎಂಬ ಹೆಸರು. ಸೋಂಕು ತಗುಲಿದ ಜೀವಕೋಶಕ್ಕೆ ಹಂತಕ ಕಣ ಮೈಗೆ ಮೈ ತಾಗಿಸಿ ನಿಂತು, ಪರ್ಫೊರಿನ್ ಎಂಬ ಪ್ರೋಟೀನಿನಿಂದ ಅದರ ಪೊರೆಯಲ್ಲಿ ರಂಧ್ರ ಕೊರೆದು, ಗ್ರಾಂಜೈಮ್ ಎಂಬ ಕಿಣ್ವಗಳನ್ನು ಒಳಗೆ ಬಿಡುತ್ತದೆ. ಆ ಕೋಶ ತನ್ನನ್ನು ತಾನೇ ಕೆಡವಿಕೊಳ್ಳುತ್ತದೆ. ಒಳಗಿನ ವೈರಸ್ಸಿನ ಉತ್ಪಾದನೆಯೂ ಅಲ್ಲಿಗೆ ನಿಲ್ಲುತ್ತದೆ. ಹುಲ್ಲುಮಾಡಿನ ಕೇರಿಯಲ್ಲಿ ಬೆಂಕಿ ಬಿದ್ದಾಗ ನಡುವಣ ಮನೆಯೊಂದನ್ನು ಕೆಡವಿ ಉಳಿದ ಮನೆಗಳನ್ನು ಉಳಿಸಿಕೊಳ್ಳುತ್ತಿದ್ದರಲ್ಲ, ಹಾಗೆ.

ಆದರೆ ಯಾವ ಮನೆಯೊಳಗೆ ಕಳ್ಳನಿದ್ದಾನೆಂದು ಹೊರಗೆ ನಿಂತ ಹಂತಕ ಕಣಕ್ಕೆ ತಿಳಿಯುವುದು ಹೇಗೆ? ನಮ್ಮ ಹಳ್ಳಿಗಳಲ್ಲಿ ಮದುವೆ ಮುಂಜಿಗಳ ಮಾರನೆಯ ದಿನ ಹಿತ್ತಿಲ ಬದಿಗೆ ಎಸೆದ ಊಟದ ಎಲೆಗಳನ್ನು ನೋಡಿಯೇ ಆ ಮನೆಯಲ್ಲಿ ಹೋಳಿಗೆಯಾಗಿತ್ತೋ ಚಿರೋಟಿಯಾಗಿತ್ತೋ ಹೇಳಬಲ್ಲ ಜಾಣರಿದ್ದರು. ಒಳಗೆ ಹೋಗಿ ನೋಡುವ ಅಗತ್ಯವಿರಲಿಲ್ಲ. ಜೀವಕೋಶಗಳಲ್ಲಿಯೂ ಇಂತಹುದೇ ಏರ್ಪಾಡುಂಟು. ಪ್ರತಿಯೊಂದು ಕೋಶವೂ ತಾನು ತಯಾರಿಸಿದ ಪ್ರೋಟೀನುಗಳಲ್ಲಿ ಒಂದು ಪಾಲನ್ನು ಎಡೆಬಿಡದೆ ಪ್ರೋಟಿಯಸೋಮ್ ಎಂಬ ಗಿರಣಿಯಲ್ಲಿ ಹಾಕಿ ತುಂಡರಿಸುತ್ತದೆ. ಹೀಗೆ ದೊರೆತ ತುಣುಕುಗಳಲ್ಲಿ ಎಂಟರಿಂದ ಹತ್ತು ಅಮೈನೋ ಆಮ್ಲಗಳಷ್ಟು ಉದ್ದವಿರುವಂಥವನ್ನು ಒಂದು ವಿಶೇಷ ಅಣುವಿನ ಮೇಲಿಟ್ಟು ತನ್ನ ಹೊರಮೈಗೆ ತಂದು ತೋರಿಸುತ್ತದೆ. ಎಂ.ಎಚ್.ಸಿ. ಎಂದು ಕರೆಯಲಾಗುವ ಈ ಅಣುವನ್ನು ನಾವು ಹರಿವಾಣವೆಂದು ಕರೆದರೆ ಅರ್ಥ ಸುಲಭವಾಗುತ್ತದೆ. ಮೂತ್ರಪಿಂಡದ ಕಸಿ ಮಾಡುವ ಮುನ್ನ ಕೊಡುವವರ ಮತ್ತು ಪಡೆಯುವವರ ಅಂಗಾಂಶ ಹೊಂದುತ್ತದೆಯೇ ಎಂದು ನೋಡುತ್ತಾರಲ್ಲ, ಆಗ ತಾಳೆ ನೋಡುವುದು ಈ ಹರಿವಾಣಗಳನ್ನೇ. ಇವು ಒಬ್ಬರಿಂದ ಒಬ್ಬರಿಗೆ ಬೇರೆ. ಹರಿವಾಣದಲ್ಲಿ ಮನೆಯ ಸ್ವಂತ ಪ್ರೋಟೀನಿನ ತುಣುಕೇ ಇದ್ದರೆ ಹಂತಕ ಕಣ ಮುಂದೆ ಸಾಗುತ್ತದೆ. ವೈರಸ್ಸಿನ ತುಣುಕು ಕಂಡಿತೋ, ಆ ಮನೆಗೆ ಮರಣದಂಡನೆ.

ಹಂತಕ ಕಣವು ತುಣುಕನ್ನು ಮಾತ್ರವಲ್ಲದೆ ಅದನ್ನು ಹೊತ್ತ ಹರಿವಾಣವನ್ನೂ ಒಟ್ಟಿಗೆ ನೋಡುತ್ತದೆಂಬ ಸಂಗತಿ ಬೆಳಕಿಗೆ ಬಂದುದು ಆಸ್ಟ್ರೇಲಿಯದ ಕ್ಯಾನ್‌ಬೆರಾದಲ್ಲಿ. ಪಶುವೈದ್ಯರಾಗಿದ್ದ ಪೀಟರ್ ಡೊಹರ್ಟಿ ಮತ್ತು ಸ್ವಿಟ್ಸರ್ಲೆಂಡಿನ ವೈದ್ಯ ರೋಲ್ಫ್ ಜಿಂಕರ್‌ನಾಗೆಲ್ ಅವರು 1973-74ರಲ್ಲಿ ಇಲಿಗಳ ಮಿದುಳುಪೊರೆಯ ಉರಿಯೂತದ ವೈರಸ್ಸೊಂದನ್ನು ಅಭ್ಯಸಿಸುತ್ತಿದ್ದರು. ಒಂದು ತಳಿಯ ಇಲಿಯ ಹಂತಕ ಕಣಗಳು ಅದೇ ತಳಿಯ ಸೋಂಕಿತ ಕೋಶಗಳನ್ನು ಕೊಂದವು. ಅದೇ ವೈರಸ್ಸು ತಗುಲಿದ ಬೇರೆ ತಳಿಯ ಕೋಶಗಳನ್ನು ಮುಟ್ಟಲೂ ಇಲ್ಲ. ವೈರಸ್ಸು ಒಂದೇ ಆದರೂ ಹರಿವಾಣ ತನ್ನದಾಗಿರಲಿಲ್ಲ. ಈ ಶೋಧಕ್ಕಾಗಿ ಇಬ್ಬರಿಗೂ 1996ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಹಾರ್ವರ್ಡಿನಲ್ಲಿ ಪಮೇಲಾ ಬ್ಯೋರ್ಕ್‌ಮನ್ ಮತ್ತು ಸಂಗಡಿಗರು 1987ರಲ್ಲಿ ಈ ಅಣುವಿನ ರೂಪವನ್ನು ಕ್ಷಕಿರಣಗಳ ನೆರವಿನಿಂದ ಕಂಡುಕೊಂಡಾಗ, ಅದರ ಮೇಲ್ಭಾಗದಲ್ಲಿ ತುಣುಕು ಕುಳಿತುಕೊಳ್ಳಲು ತಕ್ಕ ತಗ್ಗೊಂದು ನಿಜವಾಗಿಯೂ ಕಾಣಿಸಿತು.

ಹರಿವಾಣಗಳಲ್ಲಿ ಎರಡು ವರ್ಗಗಳುಂಟು. ಮೇಲೆ ಹೇಳಿದ್ದು ಮೊದಲ ವರ್ಗ. ಮನೆಯೊಳಗೆ ಬೆಂದ ಅಡಿಗೆಗೆ ಮೀಸಲು. ಎರಡನೆಯ ವರ್ಗದ್ದು ಕೆಲವೇ ಬಗೆಯ ಕೋಶಗಳಲ್ಲಿರುತ್ತದೆ. ಅವು ಹೊರಗಿನಿಂದ ನುಂಗಿದ ಪದಾರ್ಥಗಳ ತುಣುಕುಗಳನ್ನು ಅದರ ಮೇಲಿಟ್ಟು ಸಹಾಯಕ ಟಿ-ಕಣಗಳಿಗೆ ತೋರಿಸುತ್ತವೆ. ಒಳಗಿನದು ಮೊದಲ ಹರಿವಾಣಕ್ಕೆ, ಹಂತಕರಿಗೆ. ಹೊರಗಿನದು ಎರಡನೆಯ ಹರಿವಾಣಕ್ಕೆ, ಸಹಾಯಕರಿಗೆ. ಇಷ್ಟು ಅಚ್ಚುಕಟ್ಟಾದ ನಿಯಮವನ್ನು ಪಠ್ಯಪುಸ್ತಕಗಳು ಬಿಡುವುದುಂಟೆ? ದಪ್ಪಕ್ಷರಗಳಲ್ಲಿ ಅಚ್ಚುಮಾಡಿದವು.

ಆದರೆ ಸ್ವಲ್ಪ ಯೋಚಿಸಿದರೆ ಈ ನಿಯಮದಲ್ಲೊಂದು ದೊಡ್ಡ ತೊಡಕು ಕಾಣುತ್ತದೆ. ಹೊಸದಾಗಿ ಹುಟ್ಟಿದ ಹಂತಕ ಕಣ ಗರಡಿಗೆ ಹೋಗದ ಪೈಲ್ವಾನನಿದ್ದಂತೆ. ಅದು ರಕ್ತ ಮತ್ತು ದುಗ್ಧಗ್ರಂಥಿಗಳ ನಡುವೆ ಸುತ್ತುತ್ತಿರುತ್ತದೆಯೇ ಹೊರತು ಚರ್ಮಕ್ಕೋ ಶ್ವಾಸಕೋಶಕ್ಕೋ ತಾನಾಗಿ ಹೋಗಿ ಹುಡುಕುವುದಿಲ್ಲ. ಸೋಂಕಿತ ಕೋಶ ಎದುರಾದರೂ ಸಾಮಾನ್ಯವಾಗಿ ಅದನ್ನು ಕೊಲ್ಲಲು ಅರಿಯದು. ಮೊದಲ ಪಾಠ ಹೇಳಿಸಿಕೊಳ್ಳಲು ಅದಕ್ಕೊಬ್ಬ ಉಸ್ತಾದ ಬೇಕು. ಆ ಉಸ್ತಾದ ಕೋಶವು ದುಗ್ಧಗ್ರಂಥಿಯಲ್ಲಿ ಕುಳಿತು, ವೈರಸ್ಸಿನ ತುಣುಕನ್ನು ಮೊದಲ ವರ್ಗದ ಹರಿವಾಣದಲ್ಲಿ ತೋರಿಸಬೇಕು. ನಿಯಮದಂತೆ ನಡೆದರೆ, ಹಾಗೆ ತೋರಿಸಲು ಉಸ್ತಾದನಿಗೇ ಆ ಸೋಂಕು ತಗುಲಿರಬೇಕು! ಎಲ್ಲ ವೈರಸ್ಸುಗಳೂ ಅಷ್ಟು ಉದಾರಿಗಳಲ್ಲ. ಗರ್ಭಕೊರಳಿನ ಕ್ಯಾನ್ಸರಿಗೆ ಕಾರಣವಾಗುವ ಪ್ಯಾಪಿಲೋಮಾ ವೈರಸ್ಸು ಚರ್ಮ ಮತ್ತು ಲೋಳೆಪೊರೆಗಳ ಮೇಲ್ಪದರದ ಕೋಶಗಳಲ್ಲಷ್ಟೇ ಬೆಳೆಯುತ್ತದೆ, ರಕ್ತಕ್ಕಿಳಿಯುವುದಿಲ್ಲ. ಇನ್ನು ಕ್ಯಾನ್ಸರು ಸಾಮಾನ್ಯವಾಗಿ ಅಂಟುಜಾಡ್ಯವೇ ಅಲ್ಲ. ಸ್ತನದ ಗಂತಿಯೊಳಗಿನ ಕೆಟ್ಟ ಪ್ರೋಟೀನು ಉಸ್ತಾದ ಕೋಶದೊಳಗೆ ತಯಾರಾಗುವ ಮಾತೇ ಇಲ್ಲ. ಹಾಗಿದ್ದರೂ ಇವುಗಳ ವಿರುದ್ಧ ಹಂತಕ ಕಣಗಳು ಸಿದ್ಧವಾಗುತ್ತವೆ. ಎಲ್ಲಿಂದ?

ಈ ಒಗಟಿಗೆ ಉತ್ತರದ ಸುಳಿವು 1976ರಷ್ಟು ಹಿಂದೆಯೇ ದೊರೆತಿತ್ತು. ಮೈಕೇಲ್ ಬೆವನ್ ಎಂಬ ವಿಜ್ಞಾನಿ, ತಂದೆಯ ಕಡೆಯದೊಂದು, ತಾಯಿಯ ಕಡೆಯದೊಂದು, ಹೀಗೆ ಎರಡು ಬಗೆಯ ಹರಿವಾಣಗಳನ್ನು ಪಡೆದ ಮಿಶ್ರ ತಳಿಯ ಇಲಿಗಳನ್ನು ಆರಿಸಿಕೊಂಡರು. ಅವಕ್ಕೆ ಬೇರೊಂದು ತಳಿಯ ಇಲಿಯ ಜೀವಕೋಶಗಳನ್ನು ಚುಚ್ಚಿದರು. ಚುಚ್ಚಿದ ಕೋಶಗಳ ಮೇಲಿದ್ದುದು ತಾಯಿಯ ಬಗೆಯ ಹರಿವಾಣ ಮಾತ್ರ. ಅದರೊಡನೆ ಕೆಲವು ಅಪರಿಚಿತ ಪ್ರೋಟೀನುಗಳು. ಲೆಕ್ಕದ ಪ್ರಕಾರ, ತಾಯಿಯ ಹರಿವಾಣದಲ್ಲಿಟ್ಟ ಅಪರಿಚಿತ ತುಣುಕನ್ನು ಗುರುತಿಸುವ ಹಂತಕ ಕಣಗಳಷ್ಟೇ ಹುಟ್ಟಬೇಕಾಗಿತ್ತು. ಅವು ಹುಟ್ಟಿದವು ನಿಜ. ಅವುಗಳ ಜೊತೆಗೆ, ಅದೇ ಅಪರಿಚಿತ ತುಣುಕನ್ನು ತಂದೆಯ ಹರಿವಾಣದಲ್ಲಿ ಗುರುತಿಸುವ ಹಂತಕ ಕಣಗಳೂ ಹುಟ್ಟಿಕೊಂಡಿದ್ದವು. ಚುಚ್ಚಿದ ಕೋಶಗಳಲ್ಲಿ ತಂದೆಯ ಹರಿವಾಣವೇ ಇರಲಿಲ್ಲವಲ್ಲ! ಅಂದಮೇಲೆ ಉಳಿದುದು ಒಂದೇ ಸಾಧ್ಯತೆ: ಇಲಿಯ ದೇಹದಲ್ಲಿದ್ದ ಯಾವುದೋ ಕೋಶ ಪರರ ಮನೆಯ ಎಂಜಲೆಲೆಯನ್ನು ಆರಿಸಿ ತಂದು, ಅದರಲ್ಲಿದ್ದುದನ್ನು ತನ್ನ ಮನೆಯ ಹರಿವಾಣದಲ್ಲಿ, ತಾನೇ ಬೇಯಿಸಿದ ಅಡಿಗೆಯೋ ಎಂಬಂತೆ, ಇಟ್ಟು ತೋರಿಸಿತ್ತು.

ಇದನ್ನು ಇಂದು ಕ್ರಾಸ್ ಪ್ರೆಸೆಂಟೇಷನ್ ಎಂದು ಕರೆಯುತ್ತಾರೆ. ಹೊರದಾರಿಯ ಸರಕು ಒಳದಾರಿಗೆ ದಾಟಿಕೊಳ್ಳುವುದರಿಂದ ಕನ್ನಡದಲ್ಲಿ ದಾಟುಪ್ರದರ್ಶನವೆನ್ನೋಣ. ಅರಿಸಮಾಸವೆಂದು ಪಂಡಿತರು ಹುಬ್ಬು ಗಂಟಿಕ್ಕದಿರಲಿ. ನಿಯಮಕ್ಕೆ ಒಗ್ಗದ ಸತ್ಯಗಳಿಗೆ ಆಗುವ ಗತಿಯೇ ಬೆವನ್ ಅವರ ಶೋಧಕ್ಕೂ ಆಯಿತು. ಬಹುಕಾಲ ಅದನ್ನು ಒಂದು ವಿಚಿತ್ರವೆಂದು ಬದಿಗಿರಿಸಲಾಗಿತ್ತು.

ಇಷ್ಟಕ್ಕೂ ಆ ಉಸ್ತಾದ ಯಾರು? ಆತನನ್ನು ಮೊದಲು ಕಂಡವನು ಬರ್ಲಿನ್ ನಗರದ ಒಬ್ಬ ವೈದ್ಯ ವಿದ್ಯಾರ್ಥಿ, ಪಾಲ್ ಲ್ಯಾಂಗರ್‌ಹಾನ್ಸ್. 1868ರಲ್ಲಿ ಮನುಷ್ಯರ ಚರ್ಮಕ್ಕೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ ಈತನಿಗೆ ಕೊಂಬೆರೆಂಬೆಗಳನ್ನು ಚಾಚಿದ ಕೋಶಗಳು ಕಂಡವು, ನರಕೋಶಗಳಿರಬೇಕೆಂದು ಭಾವಿಸಿದ. ನೂರು ವರ್ಷಗಳಿಗೂ ಮೀರಿ ಕಳೆದ ಮೇಲೆ, 1973ರಲ್ಲಿ, ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾನಿಲಯದಲ್ಲಿ ರಾಲ್ಫ್ ಸ್ಟೈನ್‌ಮನ್ ಮತ್ತು ಜಾನ್ವಿಲ್ ಕೋನ್ ಅವರು ಇಲಿಯ ಗುಲ್ಮದಲ್ಲಿ ಇಂತಹ ಕವಲುಕೋಶಗಳನ್ನು ಗುರುತಿಸಿ, ಗ್ರೀಕ್ ಭಾಷೆಯ ಮರ ಎಂಬ ಪದದಿಂದ ಡೆಂಡ್ರಿಟಿಕ್ ಕೋಶಗಳೆಂದು ಹೆಸರಿಟ್ಟರು. ಗುಲ್ಮದ ಕಣಗಳಲ್ಲಿ ಇವು ಸುಮಾರು ನೂರಕ್ಕೆ ಒಂದರಷ್ಟು. ಇಷ್ಟು ವಿರಳವಾದ ಕೋಶಕ್ಕೆ ಅಷ್ಟೊಂದು ಮಹತ್ವವೇ ಎಂದು ಹಲವರು ಮೂಗು ಮುರಿದರು. ಆದರೆ ಟಿ-ಕಣಗಳನ್ನು ಎಬ್ಬಿಸುವುದರಲ್ಲಿ ಇವು ಇತರ ಕೋಶಗಳಿಗಿಂತ ನೂರು ಪಟ್ಟಿಗೂ ಮಿಗಿಲೆಂದು ಸ್ಟೈನ್‌ಮನ್ ತೋರಿಸಿಕೊಟ್ಟರು.

ಕವಲುಕೋಶಗಳ ಬದುಕು ಅಲೆಮಾರಿಯದು. ಚರ್ಮ, ಶ್ವಾಸನಾಳ, ಕರುಳು ಮುಂತಾಗಿ ದೇಹದ ಎಲ್ಲ ಎಲ್ಲೆಗಳಲ್ಲಿಯೂ ಅವು ಕವಲುಗಳನ್ನು ಚಾಚಿ ಕುಳಿತು, ಸುತ್ತಲ ದ್ರವವನ್ನು ಗುಟುಕರಿಸುತ್ತ, ಸತ್ತ ಕೋಶಗಳ ಚೂರುಗಳನ್ನು ಹೆಕ್ಕುತ್ತ ಇರುತ್ತವೆ. ಅಪಾಯದ ಸುಳಿವು ಸಿಕ್ಕಿದೊಡನೆ ಕವಲು ಮುದುಡಿಕೊಂಡು ದುಗ್ಧನಾಳಗಳ ಮೂಲಕ ಹತ್ತಿರದ ದುಗ್ಧಗ್ರಂಥಿಗೆ ಪಯಣ ಬೆಳೆಸುತ್ತವೆ. ಕಾಲಿಗೆ ಮುಳ್ಳು ಚುಚ್ಚಿ ಕೀವಾದಾಗ ತೊಡೆಯ ಸಂದಿನಲ್ಲಿ ಗಂಟು ಕಟ್ಟುವುದನ್ನು ಹಿರಿಯರೆಲ್ಲ ಅನುಭವದಿಂದ ಬಲ್ಲರು. ಕೋವಿಡ್ ಲಸಿಕೆ ಚುಚ್ಚಿಸಿಕೊಂಡ ಕೆಲವರಿಗೆ ಅದೇ ಕಡೆಯ ಕಂಕುಳಲ್ಲಿ ಗಂಟು ಕಾಣಿಸಿ ಗಾಬರಿಯಾದುದೂ ಉಂಟು. ಅದು ಗರಡಿಮನೆಯಲ್ಲಿ ನೂಕುನುಗ್ಗಲು ಶುರುವಾದುದರ ಗುರುತು. ಒಂದು ನಿರ್ದಿಷ್ಟ ತುಣುಕನ್ನು ಗುರುತಿಸಬಲ್ಲ ಹಂತಕ ಕಣ ಲಕ್ಷಕ್ಕೊಂದೋ ಹತ್ತು ಲಕ್ಷಕ್ಕೊಂದೋ ಇದ್ದೀತು. ಅದನ್ನು ಇಡೀ ದೇಹದಲ್ಲಿ ಹುಡುಕುವ ಬದಲು, ಎಲ್ಲ ಕಣಗಳೂ ಸರದಿಯಂತೆ ಬಂದುಹೋಗುವ ಗ್ರಂಥಿಯಲ್ಲಿ ಕವಲುಕೋಶ ಹರಿವಾಣ ಹಿಡಿದು ನಿಲ್ಲುತ್ತದೆ. ತಕ್ಕ ಕಣ ಎದುರಾಗಿ ಪಾಠವಾಯಿತೆಂದರೆ, ಅದೊಂದೇ ಕಣ ಇಬ್ಭಾಗ, ನಾಲ್ಭಾಗವಾಗುತ್ತ ಒಂದು ವಾರದಲ್ಲಿ ಸಾವಿರಾರಾಗಿ ಬೆಳೆದು ಹೊರಡುತ್ತದೆ. ಜ್ವರ ಬಂದ ಮೊದಲ ದಿನವೇ ಅದು ಇಳಿಯದಿರುವುದಕ್ಕೆ ಈ ವಿಳಂಬವೂ ಒಂದು ಕಾರಣ.

ಇನ್ನು ದಾಟಿಸುವ ಕೌಶಲವನ್ನು ನೋಡೋಣ. ಯಾವ ಕೋಶವೇ ಆಗಲಿ ಹೊರಗಿನ ಪದಾರ್ಥವನ್ನು ನುಂಗಿದಾಗ ಅದು ಪೊರೆಯ ಚೀಲವೊಂದರಲ್ಲಿ ಬಂದಿಯಾಗಿರುತ್ತದೆ. ಗಿರಣಿಯಿರುವುದು ಚೀಲದ ಆಚೆ, ಕೋಶರಸದಲ್ಲಿ. ನಮ್ಮ ದೇಹದ ಭಕ್ಷಕ ಕೋಶಗಳಿಗೆ ಬಕಾಸುರನ ಹೊಟ್ಟೆ. ನುಂಗಿದುದರ ಮೇಲೆ ಆಮ್ಲವನ್ನೂ ಕಿಣ್ವಗಳನ್ನೂ ಸುರಿದು ಕ್ಷಣದಲ್ಲಿ ಗುರುತು ಸಿಗದಂತೆ ಕರಗಿಸಿಬಿಡುತ್ತವೆ. ಕವಲುಕೋಶ ಹಾಗಲ್ಲ. ಅದು ತನ್ನ ಚೀಲದಲ್ಲಿ ಆಮ್ಲ ಏರದಂತೆ ನೋಡಿಕೊಳ್ಳುತ್ತದೆ. ಅಲ್ಲಿ ಜೀರ್ಣಕಿಣ್ವಗಳೂ ಕಡಮೆ. ತಿನ್ನುವುದಕ್ಕಿಂತ ರುಚಿ ನೋಡುವುದೇ ಅದರ ಉದ್ದೇಶವೆನ್ನಬಹುದು. ಹೀಗೆ ಅರೆಜೀರ್ಣವಾಗಿ ಉಳಿದ ಪ್ರೋಟೀನು ಚೀಲದಿಂದ ಕೋಶರಸಕ್ಕೆ ಸೋರಿಕೊಳ್ಳುತ್ತದೆಂದು 1999ರಲ್ಲಿ ಪ್ಯಾರಿಸ್ಸಿನ ಸೆಬಾಸ್ಟಿಯನ್ ಅಮಿಗೊರೆನಾ ಅವರ ತಂಡ ತೋರಿಸಿತು. ಅಲ್ಲಿಂದ ಮುಂದೆ ದಾರಿ ಸುಗಮ: ಗಿರಣಿಯಲ್ಲಿ ತುಂಡಾಗಿ, ಟ್ಯಾಪ್ ಎಂಬ ಸಾಗಣೆಯ ಅಣುವಿನ ಮೂಲಕ ಹರಿವಾಣವನ್ನು ಸೇರುತ್ತದೆ. ಚೀಲದೊಳಗೇ ತುಂಡಾಗಿ ಅಲ್ಲಿಯೇ ಹರಿವಾಣಕ್ಕೇರುವ ಇನ್ನೊಂದು ದಾರಿಯೂ ಇದೆ. ಆದರೆ ಗಟ್ಟಿಯಾದ ಚೀಲದಿಂದ ಪ್ರೋಟೀನು ಸೋರುವುದು ಹೇಗೆ ಎಂಬುದು ಬಹುಕಾಲ ಬಗೆಹರಿಯದೆ ಉಳಿದಿತ್ತು. ಕವಲುಕೋಶದ ಪರ್ಫೊರಿನ್-2 ಎಂಬ ಪ್ರೋಟೀನು ಚೀಲದ ಪೊರೆಯಲ್ಲಿ ತೂತು ಕೊರೆಯುತ್ತದೆಂಬುದು 2023ರಲ್ಲಿ ಪ್ರಕಟವಾಯಿತು. ಹಂತಕ ಕಣ ಶತ್ರುವಿನ ಮನೆಗೆ ಕನ್ನ ಕೊರೆಯಲು ಬಳಸುವ ಪರ್ಫೊರಿನ್ನಿನ ನಂಟನೇ ಇದು. ಉಸ್ತಾದ ತನ್ನ ಉಗ್ರಾಣದ ಗೋಡೆಯಲ್ಲಿ ತಾನೇ ಕಿಂಡಿ ಕೊರೆದುಕೊಳ್ಳುತ್ತಾನೆ!

ಇಲ್ಲಿಗೆ ಕಥೆ ಮುಗಿಯಿತೆನ್ನುವಂತಿಲ್ಲ. ನಮ್ಮ ದೇಹದಲ್ಲಿ ದಿನವೂ ಕೋಟ್ಯಂತರ ಕೋಶಗಳು ಸಹಜವಾಗಿ ಸಾಯುತ್ತವೆ. ಅವುಗಳ ಚೂರುಗಳನ್ನೂ ಕವಲುಕೋಶ ಹೆಕ್ಕಿ ತಂದು ಹರಿವಾಣದಲ್ಲಿ ತೋರಿಸುತ್ತದೆ. ಅದನ್ನು ಕಂಡ ಹಂತಕರೆಲ್ಲ ಕೆರಳಿ ಹೊರಟರೆ ನಮ್ಮ ಮೇದೋಜೀರಕ ಗ್ರಂಥಿ, ಚರ್ಮ, ಕೀಲುಗಳ ಗತಿಯೇನು? ಆದುದರಿಂದ ಪ್ರಕೃತಿ ಇಲ್ಲಿ ಹಲವು ಕಡೆಯ ಒಪ್ಪಿಗೆಯ ಮುದ್ರೆಗಳನ್ನು ಇರಿಸಿದೆ. ತುಣುಕನ್ನು ತೋರಿಸುವುದು ಮೊದಲ ಮುದ್ರೆ. ಸೋಂಕಿನ ಅಥವಾ ಗಾಯದ ಸುಳಿವಿನಿಂದ ಎಚ್ಚೆತ್ತ ಕವಲುಕೋಶ ತನ್ನ ಮೈಮೇಲೆ ಮೂಡಿಸುವ ಬೇರೊಂದು ಸಂಕೇತ ಎರಡನೆಯದು. ಮೂರನೆಯದಾಗಿ, ಸಹಾಯಕ ಟಿ-ಕಣವೊಂದು ಎರಡನೆಯ ವರ್ಗದ ಹರಿವಾಣವನ್ನು ಪರೀಕ್ಷಿಸಿ, ಕವಲುಕೋಶದ ಸಿ.ಡಿ. 40 ಎಂಬ ಗುಂಡಿಯನ್ನು ಒತ್ತಿ, ಹಂತಕರಿಗೆ ಪಾಠ ಹೇಳಲು ಪರವಾನಗಿ ಕೊಡುವುದು ಎಷ್ಟೋ ಸಲ ಬೇಕಾಗುತ್ತದೆ. 1998ರಲ್ಲಿ ಮೂರು ತಂಡಗಳು ಏಕಕಾಲಕ್ಕೆ ಇದನ್ನು ಕಂಡುಹಿಡಿದವು. ಮುದ್ರೆಗಳಿಲ್ಲದೆ ತುಣುಕನ್ನಷ್ಟೇ ಕಂಡ ಹಂತಕ ಕಣ ಕೆರಳುವ ಬದಲು ಸಾಯುತ್ತದೆ, ಇಲ್ಲವೆ ಜಡವಾಗುತ್ತದೆ. ಒಂದೇ ಕೋಶ, ಒಂದೇ ಹರಿವಾಣ. ಸಂದರ್ಭಕ್ಕೆ ತಕ್ಕಂತೆ ಕೊಲ್ಲುವ ಪಾಠವನ್ನೂ ಹೇಳುತ್ತದೆ, ಕ್ಷಮೆಯ ಪಾಠವನ್ನೂ ಹೇಳುತ್ತದೆ. ಲಸಿಕೆ ಚುಚ್ಚಿದ ತೋಳು ಎರಡು ದಿನ ನೋಯುವುದನ್ನು ಜನ ದೂರುತ್ತಾರೆ. ಲಸಿಕೆಯ ಪ್ರೋಟೀನಿನೊಡನೆ ಆ ಎಚ್ಚರಿಕೆಯ ಗಂಟೆಯೂ ಬಾರಿಸಬೇಕಾಗಿರುವುದರಿಂದ, ಅಲ್ಪಸ್ವಲ್ಪ ನೋವನ್ನು ಕೂಲಿಯೆಂದು ಸಹಿಸುವುದೇ ಸರಿ. ನಿರೋಧಕ ಶಕ್ತಿಯನ್ನು ಸುಮ್ಮನೆ ಹೆಚ್ಚಿಸುತ್ತೇವೆಂಬವರನ್ನು ಕೇಳಬೇಕಾದ ಪ್ರಶ್ನೆಯೂ ಇಲ್ಲಿದೆ: ಯಾವುದರ ವಿರುದ್ಧ ಹೆಚ್ಚಿಸುತ್ತೀರಿ? ಎಳೆಯರ ಸಕ್ಕರೆ ಕಾಯಿಲೆಯಲ್ಲಿ ಇನ್ಸುಲಿನ್ ಸ್ರವಿಸುವ ಕೋಶಗಳನ್ನು ಕೊಲ್ಲುವುದು ಇದೇ ಹಂತಕ ಟಿ-ಕಣಗಳೇ. ಅಲ್ಲಿ ಶಕ್ತಿಗೆ ಕೊರತೆಯಿಲ್ಲ.

ಕ್ಯಾನ್ಸರಿನ ವಿಷಯಕ್ಕೆ ಬಂದರೆ ದಾಟುಪ್ರದರ್ಶನದ ಬೆಲೆ ಪೂರ್ತಿ ತಿಳಿಯುತ್ತದೆ. ಎಲ್ಲ ಕವಲುಕೋಶಗಳೂ ಈ ವಿದ್ಯೆಯಲ್ಲಿ ಸಮಾನರಲ್ಲ. ಅವುಗಳಲ್ಲಿಯೂ ಒಂದು ಸಣ್ಣ ಪಂಗಡ ಇದರಲ್ಲಿ ನಿಪುಣ. ಅಮೆರಿಕದ ಸೇಂಟ್ ಲೂಯಿ ನಗರದಲ್ಲಿ ಕೆನೆತ್ ಮರ್ಫಿ ಅವರ ತಂಡವು 2008ರಲ್ಲಿ ಬ್ಯಾಟ್ಫ್-3 ಎಂಬ ಒಂದೇ ಒಂದು ಜೀನನ್ನು ಇಲಿಗಳಿಂದ ತೆಗೆದುಹಾಕಿತು. ಆ ಇಲಿಗಳಲ್ಲಿ ಈ ನಿಪುಣ ಪಂಗಡ ಹುಟ್ಟಲೇ ಇಲ್ಲ. ಉಳಿದೆಲ್ಲ ಟಿ-ಕಣಗಳು ಇದ್ದಾಗ್ಯೂ, ಸಾಮಾನ್ಯ ಇಲಿಗಳು ಸುಲಭವಾಗಿ ನಿವಾರಿಸಿಕೊಳ್ಳುತ್ತಿದ್ದ ಗಂತಿಗಳು ಈ ಇಲಿಗಳಲ್ಲಿ ತಡೆಯಿಲ್ಲದೆ ಬೆಳೆದವು. ಸೈನ್ಯವಿತ್ತು, ವೈರಿ ಇಂಥವನೆಂದು ತೋರಿಸುವವನಿರಲಿಲ್ಲ. ಮನುಷ್ಯರಲ್ಲಿಯೂ ಇಂತಹ ಪಂಗಡವಿದೆಯೆಂದು 2010ರಲ್ಲಿ ಖಚಿತವಾಯಿತು. ಜೇಮ್ಸ್ ಆಲಿಸನ್ ಮತ್ತು ತಸುಕು ಹೊಂಜೊ ಅವರಿಗೆ 2018ರ ನೊಬೆಲ್ ತಂದುಕೊಟ್ಟ ಔಷಧಗಳು ಹಂತಕ ಕಣಗಳ ಕಡಿವಾಣವನ್ನು ಸಡಿಲಿಸುತ್ತವೆ. ಕೆಲವು ರೋಗಿಗಳಲ್ಲಿ ಅವುಗಳಿಂದ ಬೆರಗಾಗುವಷ್ಟು ಗುಣ ಕಂಡರೂ ಅನೇಕರಲ್ಲಿ ಏನೂ ಆಗದು. ಪಾಠವನ್ನೇ ಕಲಿಯದ ಕಣದ ಕಡಿವಾಣ ಬಿಚ್ಚಿದರೆ ಏನು ಪ್ರಯೋಜನ? ಎಲ್ಲ ವಿಫಲತೆಗೂ ಇದೊಂದೇ ಕಾರಣವಲ್ಲ. ಆದರೆ ಇದು ಮುಖ್ಯವಾದ ಒಂದು ಕಾರಣ.

ಸ್ಟೈನ್‌ಮನ್ ಅವರ ಕೊನೆಯ ವರ್ಷಗಳ ಸಂಗತಿ ಇಲ್ಲಿ ಹೇಳತಕ್ಕದ್ದು. 2007ರಲ್ಲಿ ಅವರಿಗೆ ಮೇದೋಜೀರಕ ಗ್ರಂಥಿಯ ಕ್ಯಾನ್ಸರು ಇರುವುದು ಪತ್ತೆಯಾಯಿತು. ಈ ರೋಗಕ್ಕೆ ತುತ್ತಾದವರಲ್ಲಿ ಬಹುಪಾಲು ಜನ ಒಂದು ವರ್ಷ ಬದುಕುವುದೇ ಕಷ್ಟ. ಸ್ಟೈನ್‌ಮನ್ ರೂಢಿಯ ಔಷಧಗಳನ್ನು ತೆಗೆದುಕೊಂಡದ್ದಲ್ಲದೆ, ತಾವು ಜೀವಮಾನವಿಡೀ ಅಭ್ಯಸಿಸಿದ ಕೋಶವನ್ನೇ ತಮ್ಮ ಮೇಲೆ ಪ್ರಯೋಗಿಸಲು ಒಪ್ಪಿದರು. ಸಹೋದ್ಯೋಗಿಗಳು ಅವರ ಗಂತಿಯ ಅಂಶಗಳನ್ನು ಅವರದೇ ಕವಲುಕೋಶಗಳಿಗೆ ಉಣಿಸಿ ಲಸಿಕೆ ತಯಾರಿಸಿಕೊಟ್ಟರು. ಅವರು ನಾಲ್ಕು ವರ್ಷಗಳಿಗೂ ಮೀರಿ ಬದುಕಿ, ಪ್ರಯೋಗಶಾಲೆಯ ಕೆಲಸವನ್ನೂ ಮುಂದುವರಿಸಿದರು. 2011ರ ಸೆಪ್ಟೆಂಬರ್ 30ರಂದು ತೀರಿಕೊಂಡರು. ಅಕ್ಟೋಬರ್ 3ರಂದು ಸ್ಟಾಕ್‌ಹೋಮಿನಲ್ಲಿ ಆ ವರ್ಷದ ನೊಬೆಲ್ ಅವರಿಗೆ ಸಂದಿದೆಯೆಂದು ಸಾರಿದರು. ಸಾವಿನ ಸುದ್ದಿ ಅಲ್ಲಿಗೆ ಮುಟ್ಟಿರಲಿಲ್ಲ. ಗತಿಸಿದವರಿಗೆ ಪಾರಿತೋಷಕವಿಲ್ಲವೆಂಬುದು ನಿಯಮ. ಆದರೆ ಬದುಕಿದ್ದಾರೆಂಬ ಸದ್ಭಾವದಿಂದ ಮಾಡಿದ ಆಯ್ಕೆಯಾದುದರಿಂದ ಅದನ್ನು ಹಿಂತೆಗೆದುಕೊಳ್ಳಲಿಲ್ಲ. ಅವರ ಆಯುಸ್ಸು ಬೆಳೆದದ್ದು ಕವಲುಕೋಶಗಳಿಂದಲೇ ಎಂದು ಯಾರೂ ಹೇಳಲಾರರು. ಒಬ್ಬನೇ ರೋಗಿಯ ಮೇಲೆ, ಹಲವು ಔಷಧಗಳ ಜೊತೆ ನಡೆದ ಪ್ರಯೋಗದಿಂದ ಅಂತಹ ತೀರ್ಮಾನ ಹೊರಡದೆಂಬುದನ್ನು ಸ್ಟೈನ್‌ಮನ್ ಅವರೇ ಎಲ್ಲರಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು.

ಈ ಸಂಯಮವನ್ನು ನಾವೂ ನೆನಪಿಡುವುದು ಅಗತ್ಯವಾಗಿದೆ. ಇದೇ ತತ್ವದ ಮೇಲೆ ನಿಂತ ಒಂದು ಚಿಕಿತ್ಸೆಗೆ 2010ರಲ್ಲಿ ಅಮೆರಿಕದಲ್ಲಿ ಮನ್ನಣೆ ದೊರೆಯಿತು. ಸಿಪುಲ್ಯೂಸೆಲ್-ಟಿ ಎಂಬ ಹೆಸರಿನ ಅದರಲ್ಲಿ, ಮುಂದುವರಿದ ಪ್ರಾಸ್ಟೇಟ್ ಕ್ಯಾನ್ಸರಿನ ರೋಗಿಯ ರಕ್ತದಿಂದ ಕಣಗಳನ್ನು ತೆಗೆದು, ಪ್ರಾಸ್ಟೇಟಿನ ಪ್ರೋಟೀನನ್ನು ಹೊರಗಿನಿಂದ ಅವಕ್ಕೆ ಉಣಿಸಿ, ಮತ್ತೆ ದೇಹಕ್ಕೆ ಸೇರಿಸುತ್ತಾರೆ. ಮುಖ್ಯ ಪರೀಕ್ಷೆಯಲ್ಲಿ ಅದರಿಂದ ದೊರೆತ ಲಾಭ ಸರಾಸರಿ ನಾಲ್ಕು ತಿಂಗಳ ಆಯುಸ್ಸು. ಲಾಭ ನಿಜ, ಆದರೆ ಪವಾಡವಲ್ಲ. ನಮ್ಮ ಮಹಾನಗರಗಳಲ್ಲಿ ಡೆಂಡ್ರಿಟಿಕ್ ಚಿಕಿತ್ಸೆಯೆಂಬ ಹೆಸರಿನಲ್ಲಿ ದೊಡ್ಡ ಮೊತ್ತ ಕೇಳುವ ಪ್ರಸಂಗಗಳುಂಟು. ಊರಿನ ಬಂಧುಬಳಗದಿಂದ ದೂರವಿದ್ದು, ಸಲಹೆ ಕೇಳಲು ಹಿರಿಯರು ಹತ್ತಿರವಿಲ್ಲದೆ, ಮನೆಯೊಳಗೆ ಕ್ಯಾನ್ಸರು ಕಾಲಿಟ್ಟಾಗ ನಮ್ಮವರು ಎಂತಹ ಮಾತಿಗೂ ಸೋಲುವುದು ಸಹಜ. ಒಡವೆ ಅಡವಿಡುವ ಮುನ್ನ ಎರಡು ಪ್ರಶ್ನೆ ಕೇಳಿರಿ. ಈ ರೋಗಕ್ಕೆ ಈ ಚಿಕಿತ್ಸೆಯನ್ನು ಕೇಂದ್ರ ಔಷಧ ನಿಯಂತ್ರಕರು ಅನುಮೋದಿಸಿದ್ದಾರೆಯೆ? ಇಲ್ಲವಾದರೆ, ಇದು ನೋಂದಣಿಯಾದ ಪ್ರಯೋಗವೆ? ಪ್ರಯೋಗವೆಂದಾದರೆ, ಸಾಮಾನ್ಯ ಚಿಕಿತ್ಸೆಯ ವೆಚ್ಚವನ್ನು ಬಿಟ್ಟು ಪ್ರಯೋಗದ ವೆಚ್ಚವನ್ನು ರೋಗಿಯ ತಲೆಗೆ ಕಟ್ಟಬಾರದೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ನೀತಿಸಂಹಿತೆ ಹೇಳುತ್ತದೆ. ಸರಿಯಾದ ಉತ್ತರ ಬಾರದಿದ್ದಲ್ಲಿ ನಿಮ್ಮ ಕ್ಯಾನ್ಸರು ತಜ್ಞರೊಡನೆ ವಿಚಾರಿಸದೆ ಹಣ ಕಟ್ಟಬೇಡಿರಿ.

ಕ್ಷಯದ ವಿಷಯವನ್ನು ಹೇಳದೆ ಲೇಖನ ಮುಗಿಸುವಂತಿಲ್ಲ. ಕೊಂದ ರೋಗಾಣುಗಳ ಲಸಿಕೆಗಳು ಪ್ರತಿಕಾಯಗಳನ್ನು ಚೆನ್ನಾಗಿ ಹುಟ್ಟಿಸಿದರೂ ಹಂತಕ ಕಣಗಳನ್ನು ಸಾಮಾನ್ಯವಾಗಿ ಅಷ್ಟಾಗಿ ಹುಟ್ಟಿಸವು. ಅವುಗಳ ಪ್ರೋಟೀನು ಹೊರಗಿನದು. ದಾಟಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಿ.ಸಿ.ಜಿ. ಜೀವಂತ ಲಸಿಕೆಯಾದರೂ ಅದರ ದಂಡಾಣು ಭಕ್ಷಕ ಕೋಶದ ಚೀಲದೊಳಗೇ ಉಳಿದುಬಿಡುತ್ತದೆ. ಮಕ್ಕಳನ್ನು ಕ್ಷಯದ ಉಗ್ರ ರೂಪಗಳಿಂದ ಅದು ಕಾಪಾಡುತ್ತದೆ. ಆದರೆ ಮದರಾಸಿನ ಬಳಿಯ ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಆರಂಭವಾದ ಬೃಹತ್ ಪರೀಕ್ಷೆಯಲ್ಲಿ ವಯಸ್ಕರ ಶ್ವಾಸಕೋಶದ ಕ್ಷಯವನ್ನು ತಡೆಯಲಿಲ್ಲ. ಇದಕ್ಕೆ ಕಾರಣಗಳು ಹಲವಿರಬಹುದು. ಅವುಗಳಲ್ಲಿ ಒಂದನ್ನು ಬರ್ಲಿನ್ನಿನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸ್ಟೆಫಾನ್ ಕೌಫ್‌ಮನ್ ಮತ್ತು ಸಂಗಡಿಗರು ಬೆನ್ನಟ್ಟಿದರು. ಕ್ಷಯಾಣು ಹೊಕ್ಕ ಭಕ್ಷಕ ಕೋಶ ಸತ್ತಾಗ ಅದರ ಚೂರುಗಳನ್ನು ಕವಲುಕೋಶ ಹೆಕ್ಕಿ ಹಂತಕರಿಗೆ ತೋರಿಸುತ್ತದೆಂದು ಅವರು 2003ರಲ್ಲಿ ಪ್ರಕಟಿಸಿದರು. ಹಾಗಾದರೆ ಲಸಿಕೆಯ ದಂಡಾಣುವೇ ಚೀಲಕ್ಕೆ ತೂತು ಹಾಕುವಂತಿದ್ದರೆ? ಲಿಸ್ಟೀರಿಯಾ ಎಂಬ ಬೇರೊಂದು ರೋಗಾಣು ಚೀಲದಿಂದ ತಪ್ಪಿಸಿಕೊಳ್ಳಲು ಬಳಸುವ ರಂಧ್ರಕಾರಕ ಪ್ರೋಟೀನಿನ ಜೀನನ್ನು ಬಿ.ಸಿ.ಜಿ.ಗೆ ಕಸಿಮಾಡಿದರು, ಆ ಪ್ರೋಟೀನು ಕೆಲಸ ಮಾಡಲು ಚೀಲದಲ್ಲಿ ಆಮ್ಲವಿರಬೇಕಾದುದರಿಂದ, ಆಮ್ಲವನ್ನು ತಗ್ಗಿಸುತ್ತಿದ್ದ ಬಿ.ಸಿ.ಜಿ.ಯ ಸ್ವಂತ ಜೀನೊಂದನ್ನು ಕಿತ್ತುಹಾಕಿದರು. ವಿ.ಪಿ.ಎಂ. 1002 ಎಂಬ ಈ ಲಸಿಕೆಯನ್ನು ತಯಾರಿಸುವ ಹಕ್ಕು ಪುಣೆಯ ಸೀರಂ ಸಂಸ್ಥೆಗೆ ಬಂದಿತು. ಕ್ಷಯರೋಗಿಗಳ ಮನೆಯವರಲ್ಲಿ ಅದನ್ನು ಪರೀಕ್ಷಿಸುವ ದೊಡ್ಡ ಪ್ರಯೋಗವನ್ನು ವೈದ್ಯಕೀಯ ಸಂಶೋಧನಾ ಪರಿಷತ್ತು 2019ರಲ್ಲಿ ನಮ್ಮ ದೇಶದ ಹಲವು ರಾಜ್ಯಗಳಲ್ಲಿ ಆರಂಭಿಸಿತು.